ಸೊಸೈಟಿಯ ಪರದೆಯಲ್ಲಿ ಅಪ್ಪಚ್ಚನ್ ಹೆಸರು

ಪುತ್ತೂರಿನ ರಬ್ಬರ್ ಸೊಸೈಟಿಯೊಂದರಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿದ್ದು ಕನ್ನಡದಿಂದ. ಸಂದರ್ಶನಕ್ಕೆ ಬಂದವರಲ್ಲಿ ಕನ್ನಡ ಯಂತ್ರದ ಮೇಲೆ ತಪ್ಪಿಲ್ಲದೆ ಹೊಡೆದವಳು ನಾನೊಬ್ಬಳೇ. ಅಧ್ಯಕ್ಷರು ನನ್ನ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ನೆಲ್ಯಾಡಿ ಕಡೆಯ ಮಲಯಾಳಿ ಹುಡುಗಿ, ಕನ್ನಡ ಇಷ್ಟು ಶುದ್ಧ ಉಂಟಲ್ಲ ಮಾರಾಯ್ರೆ" ಎಂದು ಪಕ್ಕದಲ್ಲಿ ಕುಳಿತವರಿಗೆ ಹೇಳಿದರು. ಅವರು ಹೊಗಳಿದ್ದೇ ಹೌದು. ನನಗೆ ಮಾತ್ರ ಸೀರೆಯ ಸೆರಗಿನಲ್ಲಿ ಎಂತದೋ ಕೊಳೆ ಇದೆಯೆಂದು ಯಾರೋ ತೋರಿಸಿದ ಹಾಗಾಯಿತು.

ಅಪ್ಪ ಕೇರಳದಿಂದ ಬಂದವರು. ನಾವು ಅವರನ್ನು ಅಪ್ಪಚ್ಚನ್ ಎಂದು ಕರೆಯುತ್ತಿದ್ದೆವು. ನಾನು ಹುಟ್ಟುವ ಮೊದಲೇ ನೆಲ್ಯಾಡಿಯ ಹತ್ತಿರ ಗುಡ್ಡದಲ್ಲಿ ಜಾಗ ಮಾಡಿ ಮೊದಲು ಮರಗೆಣಸು, ಆಮೇಲೆ ರಬ್ಬರು ಹಾಕಿದ್ದರು. ಮನೆಯಲ್ಲಿ ಮಲಯಾಳ, ಕೆಲಸದವರ ಹತ್ತಿರ ತುಳು, ಶಾಲೆಯಲ್ಲಿ ಕನ್ನಡ, ಹೀಗೆ ನಾನು ಬೆಳೆದೆ. ನಮ್ಮ ಮನೆಹೆಸರಿನ ಮೊದಲ ತುಂಡಿಗೆ ಮಲಯಾಳದಲ್ಲಿ ಹೊಳೆ ಎಂದು ಅರ್ಥ. ಅದರಲ್ಲಿ ಒಂದು ಅಕ್ಷರ ಬರುತ್ತದೆ. ನಾಲಗೆಯನ್ನು ಹಿಂದಕ್ಕೆ ಮಡಚಿ ಎಲ್ಲಿಯೂ ತಾಗಿಸದೆ ಹೇಳಬೇಕು. ಈಗಿನ ಕನ್ನಡದಲ್ಲಿ ಅದು ಇಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಪ್ರೈಮರಿಗೆ ಸೇರಿದಾಗ ಹಾಜರಿಯಲ್ಲಿ "ಪುಳ" ಎಂದು ಬರೆದರು. ಮಕ್ಕಳು ಅದನ್ನು "ಹುಳ" ಮಾಡಿದರು. ಹಾಜರಿ ಕರೆಯುವಾಗ ನನ್ನ ಸರದಿ ಬಂದರೆ ಹಿಂದಿನ ಬೆಂಚಿನವರು ಬೆರಳನ್ನು ಹುಳುವಿನ ಹಾಗೆ ಆಡಿಸುತ್ತಿದ್ದರು.

ಹೈಸ್ಕೂಲಿಗೆ ರಾಮಕುಂಜಕ್ಕೆ ಹೋದೆ. ಅಲ್ಲಿ ಕನ್ನಡ ಪಂಡಿತರು ಒಂದು ದಿನ ಕರಿಹಲಗೆಯ ಮೇಲೆ ೞ ಎಂದು ಬರೆದು, "ಇದು ಹಳಗನ್ನಡದಲ್ಲಿ ಇದ್ದ ಅಕ್ಷರ. ನಾವು ಕಳಕೊಂಡೆವು, ಈ ಹುಡುಗಿಯ ಮನೆಯಲ್ಲಿ ಇನ್ನೂ ಉಂಟು" ಎಂದು ನನ್ನತ್ತ ಕೈ ತೋರಿಸಿದರು. ನನಗೆ ಮರ್ಯಾದೆ ಸಿಗಲಿ ಎಂದೇ ಹಾಗೆ ಮಾಡಿದ್ದು. ಇಡೀ ತರಗತಿ ತಿರುಗಿ ನೋಡಿದ್ದರಿಂದ ನಾನು ಬೀಳದ ಪೆನ್ಸಿಲನ್ನು ಹುಡುಕುತ್ತ ಬೆಂಚಿನ ಅಡಿಗೆ ಬಗ್ಗಿದೆ. ಕನ್ನಡವನ್ನು ಯಾರೂ ಬೆರಳು ತೋರಿಸದ ಹಾಗೆ ಕಲಿಯಬೇಕೆಂಬ ಹಟ ನನಗೆ ಬಂದದ್ದು ಆಗಲೇ.

ನಾನು ಕೆಲಸಕ್ಕೆ ಸೇರಿದ ಮರುವರ್ಷ ಸೊಸೈಟಿಗೆ ಕಂಪ್ಯೂಟರು ಬಂತು. ಎಂಬತ್ತರ ದಶಕದ ನಡುವಿನ ಮಾತು. ಮಾಳಿಗೆಯ ಕೋಣೆಯಲ್ಲಿ ದೊಡ್ಡ ಯಂತ್ರ. ಕೆಳಗೆ ರಬ್ಬರ್ ಶೀಟು ತೂಗುವ ಕೌಂಟರಿನಲ್ಲಿ ಒಂದು ಟರ್ಮಿನಲ್ಲು, ಅಂದರೆ ಪರದೆ ಮತ್ತು ಕೀಲಿಮಣೆ ಮಾತ್ರ. ಲೆಕ್ಕವೆಲ್ಲ ಮೇಲೆಯೇ ನಡೆಯುತ್ತಿತ್ತು, ನಡುವೆ ಗೋಡೆಗುಂಟ ಒಂದು ತಂತಿ. ಸದಸ್ಯರ ನಂಬರು ಒತ್ತಿದರೆ ಪರದೆಯಲ್ಲಿ ಹೆಸರು, ಶೀಟಿನ ದರ್ಜೆ, ತೂಕ ಮೂಡಿ, ಪಕ್ಕದ ಪ್ರಿಂಟರಿನಿಂದ ಚೀಟಿ ಹೊರಗೆ ಬರುತ್ತಿತ್ತು. ಎಲ್ಲ ಇಂಗ್ಲಿಷಿನಲ್ಲಿ. ಆ ವರ್ಷದ ಮಹಾಸಭೆಯಲ್ಲಿ ಈಶ್ವರಮಂಗಲದ ಹಿರಿಯ ಬೆಳೆಗಾರರೊಬ್ಬರು ಎದ್ದು ನಿಂತು ಚೀಟಿಯನ್ನು ಎತ್ತಿ ಹಿಡಿದರು. "ರಬ್ಬರು ನಮ್ಮದು, ಸಂಘ ನಮ್ಮದು. ಈ ಚೀಟಿ ಯಾರಿಗೆ ಬರೆದದ್ದು ಅಧ್ಯಕ್ಷರೇ?" ಎಂದು ಕೇಳಿದರು. ಅಧ್ಯಕ್ಷರು ಅಲ್ಲಿಯೇ ಮಾತು ಕೊಟ್ಟುಬಿಟ್ಟರು, ಮುಂದಿನ ಮಹಾಸಭೆಯ ದಿನ ಪರದೆಯಲ್ಲಿ ಕನ್ನಡ ಬರುತ್ತದೆ ಎಂದು.

ಯಂತ್ರ ನೋಡಿಕೊಳ್ಳುತ್ತಿದ್ದವರು ಐವರ್ನಾಡಿನ ಕಡೆಯ ಒಬ್ಬ ತರುಣ. ಮನೆಯಲ್ಲಿ ಸುಳ್ಯ ಕಡೆಯ ಅರೆಭಾಷೆ ಆಡುವವರು, ಮಂಗಳೂರಿನಲ್ಲಿ ಕಲಿತು ಬಂದಿದ್ದರು. ನಾನು ಅವರನ್ನು ಸರ್ ಎನ್ನುತ್ತಿದ್ದೆ. ಅವರು ನನ್ನ ಟೇಬಲ್ಲಿಗೆ ಬಂದು, "ಕನ್ನಡ ನಿಮಗೆ ಬಿಟ್ಟದ್ದು, ಯಂತ್ರ ನನಗೆ. ಆಗ್ಬಹುದಾ?" ಎಂದರು.

ಅವರು ಹೇಳಿದ ಉಪಾಯ ಹೀಗಿತ್ತು. ಕೌಂಟರಿನ ಟರ್ಮಿನಲ್ಲನ್ನು ತೆಗೆದು ಅಲ್ಲಿ ಒಂದು ಸಣ್ಣ ಕಂಪ್ಯೂಟರನ್ನು ಇಡುವುದು. ಅದರೊಳಗೆ ಒಂದು ಪ್ರೋಗ್ರಾಂ ಹಾಕಿದರೆ ಅದು ಟರ್ಮಿನಲ್ಲಿನ ಹಾಗೆಯೇ ನಟಿಸುತ್ತದೆ, ಮೇಲಿನ ದೊಡ್ಡ ಯಂತ್ರಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಯಂತ್ರಕ್ಕೆ ಪ್ರತಿಯೊಂದು ಅಕ್ಷರವೂ ಒಂದು ಸಂಖ್ಯೆ. ಮೊದಲ ಅರ್ಧ ಸಂಖ್ಯೆಗಳು ಇಂಗ್ಲಿಷಿಗೆ ಹೋಗಿವೆ. ಮೇಲಿನ ಅರ್ಧದಲ್ಲಿ ಫ್ರೆಂಚರದ್ದು, ಜರ್ಮನರದ್ದು ಕೆಲವು ಅಕ್ಷರಗಳು, ಪೆಟ್ಟಿಗೆ ಬಿಡಿಸಲು ಬೇಕಾದ ಗೆರೆಯ ತುಂಡುಗಳು ಇವೆ. "ನಮ್ಮ ರಬ್ಬರಿಗೆ ಫ್ರೆಂಚ್ ಎಂತಕ್ಕೆ? ಅವನ್ನು ಎಬ್ಬಿಸಿ ಅಲ್ಲಿ ಕನ್ನಡ ಕೂರಿಸುದು" ಎಂದರು. ಅಕ್ಷರಗಳ ಆಕಾರ ಇರುವುದು ಕಂಪ್ಯೂಟರಿನೊಳಗೆ ಕೂರಿಸುವ ಚಿಪ್ಪು ಎಂಬ ಒಂದು ಪುಟ್ಟ ಬಿಡಿಭಾಗದಲ್ಲಿ. ನಾನು ಆಕಾರ ಬಿಡಿಸಿಕೊಟ್ಟರೆ ಹೊಸ ಚಿಪ್ಪನ್ನು ಮಂಗಳೂರಿನಲ್ಲಿ ಪರಿಚಯದವರಿಂದ ಬರೆಸಿ ತರುವುದು ಅವರ ಕೆಲಸ.

ಚೌಕುಳಿ ಹಾಳೆಯ ಮೇಲೆ ಅಕ್ಷರ ಬಿಡಿಸುವುದೆಂದರೆ ಸುಲಭ ಎಂದುಕೊಂಡಿದ್ದೆ. ಒಂದು ಅಕ್ಷರಕ್ಕೆ ಸಿಗುವುದು ನಿಲ್ಲಿಸಿದ ಇಟ್ಟಿಗೆಯ ಆಕಾರದ ಇಕ್ಕಟ್ಟಾದ ಜಾಗ. ಇಂಗ್ಲಿಷಿನ ಐ, ಎಲ್ ಅದರೊಳಗೆ ಕೈಕಾಲು ಚಾಚಿ ಮಲಗುತ್ತವೆ. ನಮ್ಮ "ಮ" ಒಳಗೆ ಹೋಗುವುದಿಲ್ಲ, "ಯ" ಹೋಗುವುದಿಲ್ಲ, "ಝ" ಅಂತೂ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಅವಕ್ಕೆ ಎರಡೆರಡು ಮನೆ ಕೊಡಬೇಕಾಯಿತು. ತಲಕಟ್ಟು, ಗುಡಿಸು, ಕೊಂಬು ಎಲ್ಲವನ್ನೂ ಬೇರೆ ಬೇರೆ ತುಂಡು ಮಾಡಿದೆವು. ಹೇಗೆ ತುಂಡು ಮಾಡುವುದೆಂದು ನೋಡಲು ಬಸ್‌ಸ್ಟ್ಯಾಂಡಿನ ಹತ್ತಿರದ ಪ್ರೆಸ್ಸಿಗೆ ಹೋಗಿ ಸೀಸದ ಮೊಳೆಗಳನ್ನು ಕೈಯಲ್ಲಿ ಹಿಡಿದು ನೋಡಿದೆ. ಒತ್ತಕ್ಷರಕ್ಕೆ ಅಕ್ಷರದ ಅಡಿಯಲ್ಲಿ ಜಾಗವೇ ಇರಲಿಲ್ಲ. ಕೊನೆಗೆ ಅದನ್ನು ಕೆಳಗಿನ ಸಾಲಿಗೆ ಇಳಿಸಿ, ಪ್ರತಿ ಕನ್ನಡ ಸಾಲಿಗೆ ಪರದೆಯ ಎರಡು ಸಾಲು ಕೊಟ್ಟೆವು. ದುಂಡಗಿನ ಅಕ್ಷರಗಳೆಲ್ಲ ಮೆಟ್ಟಿಲು ಕಡಿದ ಹಾಗೆ ಮೂಲೆ ಮೂಲೆಯಾಗಿ ಬಂದವು.

"ನಿಮ್ಮ ಮನೆಹೆಸರಿಗೆ ಯಾವ ಅಕ್ಷರ ಹಾಕುದು? ಅದು ಬೇರೆ ಉಂಟಲ್ಲ?" ಎಂದು ಅವರು ಒಂದು ಮಧ್ಯಾಹ್ನ ಕೇಳಿದರು. ಅವರ ಊರಿನಲ್ಲಿಯೂ ಮಲಯಾಳ ತಿಳಿದವರು ಇದ್ದರು.

"ಳ ಸಾಕು ಸರ್" ಎಂದೆ.

"ಒಂದು ಜಾಗ ಉಳಿದಿದೆ. ಬೇಕಾದ್ರೆ ಹಾಕುವಾ."

"ಬೇಡ. ಹಾಜರಿಯಲ್ಲಿ ಳ ಅಂತಲೇ ಇದ್ದದ್ದು." ಆ ಜಾಗಕ್ಕೆ ರೂಪಾಯಿಯ ರೂ ಬಂತು.

ಚಿಪ್ಪು ಬಂದಾಗ ಮಾಳಿಗೆಯ ಕೋಣೆಯಲ್ಲಿಯೇ ಸಣ್ಣ ಕಂಪ್ಯೂಟರಿಗೆ ಕೂರಿಸಿ ನೋಡಿದೆವು. ಹಸಿರು ಬಣ್ಣದಲ್ಲಿ "ಸ್ವಾಗತ" ಎಂದು ಬಂತು. ವಕಾರದ ಒತ್ತು ಸ್ವಲ್ಪ ಎಡಕ್ಕೆ ಸರಿದಿತ್ತು, ಅಷ್ಟೇ. ಸದಸ್ಯರ ಹೆಸರುಗಳನ್ನೆಲ್ಲ ನಾನೇ ಕನ್ನಡದಲ್ಲಿ ಹೊಡೆದೆ. ಆದರೆ ಕೆಳಗಿನ ಕೌಂಟರಿನ ತಂತಿಗೆ ಜೋಡಿಸಿ ನೋಡಲು ಆಗಲಿಲ್ಲ. ಕೌಂಟರಿನಲ್ಲಿ ದಿನವೂ ಜನ, ಮಳೆ ಬಿಟ್ಟ ಸಮಯ, ಶೀಟು ರಾಶಿ ಬೀಳುತ್ತಿತ್ತು. ಮಹಾಸಭೆಯ ದಿನ ಬೆಳಿಗ್ಗೆ ಮಾತ್ರ ಬಿಡುವು ಸಿಕ್ಕಿದ್ದು. ಆ ಬೆಳಿಗ್ಗೆ ಕರೆಂಟು ಇರಲಿಲ್ಲ. ಕರೆಂಟು ಬರುವಾಗ ಅಂಗಳದಲ್ಲಿ ಜೀಪುಗಳು ನಿಂತಿದ್ದವು.

ಅಪ್ಪಚ್ಚನ್ ಇಸ್ತ್ರಿ ಹಾಕಿದ ಬಿಳಿ ಮುಂಡು ಉಟ್ಟು ಬಂದಿದ್ದರು. ಅವರಿಗೆ ಮಲಯಾಳ ಬಿಟ್ಟರೆ ಬೇರೆ ಲಿಪಿ ಓದಲು ಬರುತ್ತಿರಲಿಲ್ಲ. ಚೀಟಿಯಲ್ಲಿ ಅಂಕಿಗಳನ್ನು ನೋಡಿಕೊಂಡು ಹೋಗುವವರು. ಅಧ್ಯಕ್ಷರಿಗೆ ಅವರನ್ನು ಕಂಡದ್ದೇ ಒಂದು ಯೋಚನೆ ಬಂತು. ಜನರೆಲ್ಲ ಕೌಂಟರಿನ ಸುತ್ತ ಕೂಡಿದಾಗ ಅವರ ತೋಳು ಹಿಡಿದು ಮುಂದೆ ಕರೆದುಕೊಂಡು ಬಂದು, "ಅಕ್ಷರ ಬಿಡಿಸಿದ್ದು ನಮ್ಮ ಟೈಪಿಸ್ಟ್. ಹಾಗಾಗಿ ಮೊದಲ ಹೆಸರು ಅವರ ತಂದೆಯವರದ್ದೇ ಬರಲಿ" ಎಂದರು. ಜನ ಚಪ್ಪಾಳೆ ತಟ್ಟಿದರು.

ನಾನು ಕೀಲಿಮಣೆಯ ಮುಂದೆ ಕುಳಿತು ನಂಬರು ಒತ್ತಿದೆ.

ಪರದೆಯಲ್ಲಿ ಬಂದದ್ದು ಇಂಗ್ಲಿಷಿನ ಬಿಡಿ ಅಕ್ಷರಗಳು, ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆ, ಒಂದು ತಿರುಗಿದ ಬ್ರಾಕೆಟ್ಟು, ಮತ್ತೆ ಡಾಲರಿನ ಗುರುತು. ಜೊತೆಗೆ ಯಂತ್ರ ಟುಂಯ್ ಎಂದು ಸದ್ದು ಮಾಡಿತು. ಎರಡನೆಯ ಸಾಲಿನಲ್ಲಿ ಒತ್ತು ಬರಬೇಕಾದ ಜಾಗದಲ್ಲಿ ಒಂದು ದೊಡ್ಡ ಡಬ್ಲ್ಯೂ. ಇನ್ನೊಮ್ಮೆ ಟುಂಯ್.

ಆಮೇಲೆ ಹಿಂದಿನಿಂದ ಒಬ್ಬರು, "ಮಲಯಾಳದಲ್ಲಿ ಬಂತಾ ಹೇಗೆ?" ಎಂದರು. ನಗು ಎದ್ದಿತು. ಇನ್ನೊಬ್ಬರು, "ಅವರ ಮಗಳ ಕನ್ನಡ ಅಲ್ವಾ, ಹಾಗೇ ಬರುದು" ಎಂದರು. ಅದು ನನ್ನ ಕಿವಿಗೆ ಸರಿಯಾಗಿ ಬಿತ್ತು. ನಾನು ಅಳಿಸಿ ಪುನಃ ನಂಬರು ಒತ್ತಿದೆ. ಪುನಃ ಅದೇ, ಪುನಃ ಟುಂಯ್, ನಗು ಇನ್ನೂ ಜೋರಾಯಿತು.

ಆಗ ಅಪ್ಪಚ್ಚನ್ ಪರದೆಯ ಹತ್ತಿರ ಬಗ್ಗಿ ನೋಡಿದರು. ಅವರ ಮುಖ ಅರಳಿತ್ತು. ಸುತ್ತ ಇದ್ದವರ ಕಡೆ ತಿರುಗಿ ತಮ್ಮ ಕನ್ನಡದಲ್ಲಿ, "ನನ್ನ ಹೆಸರ್ ಬಂತು ನೋಡಿ. ಗಂಟೆ ಸಮೇತ ಬಂತು" ಎಂದರು. ಎಲ್ಲರೂ ನಗುವುದನ್ನು ಕಂಡು ಅವರೂ ನಕ್ಕರು. ಅಧ್ಯಕ್ಷರಿಗೆ ಕೈಮುಗಿದರು. ಅಧ್ಯಕ್ಷರು ಎಂತ ಮಾಡುವುದೆಂದು ತಿಳಿಯದೆ ತಿರುಗಿ ಕೈಮುಗಿದರು.

ನನಗೆ ಆ ಕುರ್ಚಿಯಿಂದ ಏಳಲು ಆಗಲಿಲ್ಲ. ಪರದೆ ಆರಿಸಬೇಕು ಎಂದು ತಿಳಿದಿತ್ತು, ಸ್ವಿಚ್ಚು ಎಲ್ಲಿದೆಯೆಂದು ಹೊಳೆಯಲಿಲ್ಲ. ಐವರ್ನಾಡಿನವರು ಮಾಳಿಗೆಯಿಂದ ಓಡಿ ಬಂದು ತಂತಿಯನ್ನೇ ಕಿತ್ತರು. "ಸ್ವಲ್ಪ ತಾಂತ್ರಿಕ ತೊಂದರೆ" ಎಂದು ಅಧ್ಯಕ್ಷರು ಹೇಳಿದರು. ಜನ ಊಟದ ಕಡೆಗೆ ಹೋದರು. ಬಾಳೆಲೆಯ ಮುಂದೆ ಕುಳಿತವರು ಪಕ್ಕದವರಿಗೆ ಟುಂಯ್ ಎಂದು ಹೇಳಿ ನಗುವುದು ಬಡಿಸುವ ಕಡೆಯಿಂದ ನನಗೆ ಕೇಳುತ್ತಿತ್ತು.

ಮಧ್ಯಾಹ್ನದ ಬಸ್ಸಿನಲ್ಲಿ ಅಪ್ಪಚ್ಚನ್ ಮತ್ತು ನಾನು ಒಟ್ಟಿಗೆ ಮನೆಗೆ ಹೊರಟೆವು. ಮಾತಾಡಿದ್ದು ಮಲಯಾಳದಲ್ಲಿ.

"ಕನ್ನಡದಲ್ಲಿ ನನ್ನ ಹೆಸರು ಅಷ್ಟು ಚಿಕ್ಕದೆಂದು ಗೊತ್ತಿರಲಿಲ್ಲ" ಎಂದರು ಅವರು. "ಮನೆಗೆ ಹೋಗಿ ನಿನ್ನ ಅಮ್ಮನಿಗೆ ಬರೆದು ತೋರಿಸು."

ಹೇಳದೆ ಇರಬಹುದಿತ್ತು. ಆದರೆ ನಾಳೆ ಭಾನುವಾರದ ಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. "ಅಪ್ಪಚ್ಚಾ, ಅದು ನಿಮ್ಮ ಹೆಸರಲ್ಲ" ಎಂದೆ. "ಕನ್ನಡವೂ ಅಲ್ಲ. ಯಂತ್ರ ಹಾಳುಮೂಳು ಏನೋ ತೋರಿಸಿತು."

ಅವರು ಕಿಟಕಿಯ ಹೊರಗೆ ನೋಡಿದರು. ಬಸ್ಸು ಎರಡು ಸ್ಟಾಪು ದಾಟಿದ ಮೇಲೆ ಮೆಲ್ಲಗೆ, "ಹಾಗಾದರೆ ಅವರೆಲ್ಲ ನಕ್ಕದ್ದು ಅದಕ್ಕಾ?" ಎಂದು ಕೇಳಿದರು.

"ಹೌದು."

ಆಮೇಲೆ ಅವರು ಮುಂಡಿನ ಅಂಚನ್ನು ಸರಿ ಮಾಡುತ್ತ ಕುಳಿತರು. ನನ್ನ ಬಗ್ಗೆ ಯಾರು ಏನು ಹೇಳಿದರೂ ತಡೆದುಕೊಳ್ಳಲು ನಾನು ಚಿಕ್ಕಂದಿನಿಂದ ಕಲಿತಿದ್ದೆ. ಅವರು ನಗುತ್ತ ಕೈಮುಗಿದು ನಿಂತದ್ದನ್ನು ನೆನೆದರೆ ಮಾತ್ರ ಮೈ ಮುದುಡುತ್ತಿತ್ತು. ಆ ನಗು ಎಲ್ಲರ ಎದುರಿಗೆ ಬಿಡಿಸಿ ಇಟ್ಟಂತೆ ಇತ್ತು, ಮುಚ್ಚಲು ನನ್ನ ಹತ್ತಿರ ಏನೂ ಇರಲಿಲ್ಲ.

ಮುಂದಿನ ಕೆಲವು ವಾರ ಅಪ್ಪಚ್ಚನ್ ಸೊಸೈಟಿಗೆ ಬರಲಿಲ್ಲ. ಶೀಟನ್ನು ನೆರೆಯವರ ಜೀಪಿನಲ್ಲಿ ಕಳಿಸುತ್ತಿದ್ದರು. ಕಾಲುನೋವು ಎಂದು ಅಮ್ಮನ ಹತ್ತಿರ ಹೇಳಿಸುತ್ತಿದ್ದರು. ನಾನು ಕೆಲಸಕ್ಕೆ ಹೋಗುತ್ತಿದ್ದೆ, ಆದರೆ ಕೌಂಟರಿನ ಮುಂದಿನಿಂದ ಹೋಗದೆ ಹಿಂದಿನ ಗೋದಾಮಿನ ಬಾಗಿಲಿನಿಂದ ಮಾಳಿಗೆ ಹತ್ತುತ್ತಿದ್ದೆ.

ಕಾರಣ ಗೊತ್ತಾದದ್ದು ಯಂತ್ರ ಮಾರಿದ ಕಂಪೆನಿಯ ಎಂಜಿನಿಯರ್ ಮಂಗಳೂರಿನಿಂದ ಫೋನಿನಲ್ಲಿ ಹೇಳಿದಾಗ. ಐವರ್ನಾಡಿನವರು ಫೋನಿಟ್ಟು ತಲೆ ಹಿಡಿದು ಕುಳಿತರು. "ಆ ತಂತಿಯಲ್ಲಿ ಮೊದಲಿನ ಅರ್ಧ ಸಂಖ್ಯೆ ಮಾತ್ರ ಹೋಗುದಂತೆ. ಮೇಲಿನ ಅರ್ಧದ್ದು ಬಂದ್ರೆ ತಲೆ ಕಡಿದು ಕೆಳಗಿನ ಅರ್ಧಕ್ಕೆ ಇಳಿಸ್ತದೆ. ನಮ್ಮ ಒಂದೊಂದು ಕನ್ನಡದ ತುಂಡೂ ಒಂದೊಂದು ಇಂಗ್ಲಿಷ್ ಆಗಿ ಬಂದದ್ದು ಹಾಗೆ" ಎಂದರು. ಗಂಟೆ ಬಾರಿಸಲು ಕೂಡ ಒಂದು ಸಂಖ್ಯೆ ಇದೆಯಂತೆ. ಅಪ್ಪಚ್ಚನ್ ಹೆಸರಿನ ಒಂದು ತುಂಡು ತಲೆ ಕಡಿದಾಗ ಸರಿಯಾಗಿ ಆ ಸಂಖ್ಯೆಯಾಗುತ್ತಿತ್ತು.

"ಈಗ ಎಂತ ಮಾಡುದು?" ಎಂದೆ.

"ಅವರೇ ಒಂದು ದಾರಿ ಹೇಳಿದ್ರು. ಮುಂದೆ ಬರುದು ಬೇರೆ ಲಿಪಿ ಅಂತ ಮೊದಲು ಒಂದು ಸಂಕೇತ ಕಳಿಸುದು. ಆಮೇಲೆ ಇಂಗ್ಲಿಷಿನ ಸಂಖ್ಯೆಗಳನ್ನೇ ಕಳಿಸುದು. ಮುಗಿದ ಮೇಲೆ ಇನ್ನೊಂದು ಸಂಕೇತ."

"ಟೈಪ್‌ರೈಟರಿನ ಶಿಫ್ಟ್ ಒತ್ತಿದ ಹಾಗೆ."

"ಅದೇ. ಒತ್ತಿ ಹಿಡಿದು ಬಿಟ್ಟ ಹಾಗೆ. ಹೀಗಾದ್ರೆ ಇನ್ನೊಂದು ಸಂಕೇತ ಮಾಡಿ ಮಲಯಾಳವನ್ನೂ ತರ್ಬಹುದು ಗೊತ್ತುಂಟಾ?"

ಅಧ್ಯಕ್ಷರ ಹತ್ತಿರ ಅವರು ಅದನ್ನೂ ಕೇಳಿದರು. ನಾನು ಬಾಗಿಲಿನ ಹತ್ತಿರ ನಿಂತಿದ್ದೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತ, "ಕನ್ನಡವೇ ಸರಿ ಬರಲಿಲ್ಲ, ಅಷ್ಟರಲ್ಲಿ ಮಲಯಾಳ ಅಂದ್ರೆ ನನ್ನನ್ನು ಸಭೆಯಲ್ಲಿ ಉಳಿಸ್ತಾರಾ?" ಎಂದರು. ನನ್ನನ್ನು ಕಂಡು ಮಾತು ನಿಲ್ಲಿಸಿ, "ನಿನಗೆ ಹೇಳಿದ್ದಲ್ಲ ಮಗಾ" ಎಂದರು.

ಮೊದಲ ಅರ್ಧದ ಸಂಖ್ಯೆಗಳಲ್ಲಿ ಜಾಗ ಕಡಿಮೆ. ಗಂಟೆ, ಸಾಲು ಮುರಿಯುವುದು ಮುಂತಾದವಕ್ಕೆ ಇಟ್ಟ ಸಂಖ್ಯೆಗಳನ್ನು ಮುಟ್ಟುವ ಹಾಗಿಲ್ಲ. ಎಲ್ಲ ತುಂಡುಗಳನ್ನೂ ಹೊಸದಾಗಿ ಜೋಡಿಸಿ, ಅಪರೂಪದ ಒತ್ತುಗಳನ್ನು ಬಿಟ್ಟು, ಕೆಲವು ಅಕ್ಷರಗಳನ್ನು ಇನ್ನಷ್ಟು ಒರಟು ಮಾಡಿದೆವು. ಈ ಸಲ ಕೌಂಟರಿನ ತಂತಿಯಲ್ಲಿಯೇ, ಒಂದು ಭಾನುವಾರ ಬೆಳಿಗ್ಗೆ, ಯಾರಿಗೂ ಹೇಳದೆ ಪರೀಕ್ಷೆ ಮಾಡಿದೆವು. ಐವರ್ನಾಡಿನವರು ಮೊದಲು ಸದಸ್ಯೆಯಾಗಿದ್ದ ತಮ್ಮ ಅಜ್ಜಿಯ ನಂಬರು ಒತ್ತಿದರು. ಹೆಸರು ಸರಿಯಾಗಿ ಬಂತು. ನಾನು ಅಪ್ಪಚ್ಚನ್ ನಂಬರು ಒತ್ತಿದೆ. ಬಂತು. ಸದ್ದಿಲ್ಲ. ಸಂತೋಷ ಆಗಬೇಕಿತ್ತು. ನನಗೆ ಆ ಖಾಲಿ ಕೌಂಟರು ನೋಡಿ ಅಳು ಬಂತು. ಅವರು ಪ್ರಿಂಟರಿನ ಕಾಗದ ಸರಿಮಾಡುವ ನೆವದಲ್ಲಿ ಆಚೆ ತಿರುಗಿದರು.

ಆಗ ಪ್ರಿಂಟರಿನಿಂದ ಬಂದ ಚೀಟಿಯನ್ನು ಮನೆಗೆ ತಂದು ಅಪ್ಪಚ್ಚನ್ ಮುಂದೆ ಇಟ್ಟೆ. ಅವರು ಮುಟ್ಟಲಿಲ್ಲ.

"ಇದು ಹೌದೆಂದು ನನಗೆ ಹೇಗೆ ಗೊತ್ತಾಗಬೇಕು?" ಎಂದರು.

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಮಾರನೆಯ ದಿನ ಅವರೇ ಬಂದು, "ನನ್ನ ಹೆಸರಿನ ಅಕ್ಷರ ಮಾತ್ರ ದೊಡ್ಡದಾಗಿ ಬಿಡಿಸಿ ಕೊಡು" ಎಂದರು. ನಾನು ಯಂತ್ರಕ್ಕೆ ಬಿಡಿಸಿದ ಚೌಕುಳಿ ಹಾಳೆಗಳನ್ನೇ ಕೊಟ್ಟೆ. ಅವರು ಹಾಲು ಹೆಪ್ಪುಗಟ್ಟುವ ಹೊತ್ತಿನಲ್ಲಿ, ಅಂದರೆ ರಬ್ಬರ್ ಹಾಲನ್ನು ತಟ್ಟೆಗೆ ಹೊಯ್ದು ಕಾಯುವಾಗ, ಶೆಡ್ಡಿನ ಹಲಗೆಯ ಮೇಲೆ ಸೀಮೆಸುಣ್ಣದಿಂದ ಅವನ್ನು ಬರೆದು ಬರೆದು ಕಲಿತರು. ಮೂಲೆಗಳು, ಮೆಟ್ಟಿಲುಗಳು ಎಲ್ಲ ಹಾಗೆಯೇ. ಕೆಳಗಿನ ಸಾಲಿಗೆ ಇಳಿದ ಒತ್ತನ್ನೂ ಹಾಗೆಯೇ ದೂರ ಇಳಿಸಿ ಬರೆಯುತ್ತಿದ್ದರು. ಕಡಬದ ಒಂದು ಕಚೇರಿಯಲ್ಲಿ ಅವರು ಮೊದಲ ಸಲ ಕನ್ನಡದಲ್ಲಿ ಸಹಿ ಹಾಕಿದಾಗ ಗುಮಾಸ್ತರು ಕಾಗದವನ್ನು ತಿರುಗಿಸಿ ನೋಡಿ, "ಇದು ಯಾವ ಲಿಪಿ?" ಎಂದು ನನ್ನನ್ನು ಕೇಳಿದರು. ಕನ್ನಡವೇ ಎಂದು ಹೇಳುವಾಗ ನಾನು ನೆಲ ನೋಡುತ್ತಿದ್ದೆ. ಅಪ್ಪಚ್ಚನ್ ಗುಮಾಸ್ತರನ್ನು ನೋಡುತ್ತಿದ್ದರು.

ಅವರು ಸೊಸೈಟಿಗೆ ಮತ್ತೆ ಬರತೊಡಗಿದರು. ಚೀಟಿ ಕೈಗೆ ಸಿಕ್ಕಿದರೆ ಮೊದಲು ಹೆಸರು, ಆಮೇಲೆ ತೂಕ. ಹೆಸರಿನ ಮೇಲೆ ಹೆಬ್ಬೆರಳು ಓಡಿಸಿ ತಲೆಯಾಡಿಸಿ ಹೋಗುತ್ತಿದ್ದರು.

ಎರಡು ವರ್ಷ ಕಳೆದಿರಬೇಕು, ಬೆಂಗಳೂರಿನಿಂದ ಸಿದ್ಧವಾಗಿಯೇ ಬಂದ ಕನ್ನಡ ಕಾರ್ಡು ಮಾರುಕಟ್ಟೆಗೆ ಬಂತು. ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿದರೆ ಸಾಕು. ಅಕ್ಷರಗಳು ದುಂಡಗೆ, ಒತ್ತುಗಳು ಅಕ್ಷರದ ಬುಡದಲ್ಲೇ. ನೋಡಲು ಅಚ್ಚಿನ ಹಾಗೆ. ನಮ್ಮ ಚಿಪ್ಪನ್ನು ಐವರ್ನಾಡಿನವರು ತೆಗೆದರು. ನಮ್ಮದು ಎಷ್ಟು ಕುರೂಪ ಇತ್ತೆಂದು ಇಬ್ಬರೂ ನಕ್ಕೆವು.

ಆ ವಾರ ಅಪ್ಪಚ್ಚನ್ ಕೌಂಟರಿನಿಂದ ಚೀಟಿ ತೆಗೆದುಕೊಂಡು ನೋಡಿ, ಒಳಗೆ ಚಾಚಿದರು. "ಇದು ನನ್ನದಲ್ಲ."

"ನಿಮ್ಮದೇ ಮಾರಾಯ್ರೆ, ನಂಬರು ನೋಡಿ" ಎಂದರು ಕೌಂಟರಿನವರು.

"ನಂಬರ್ ನನ್ನದು. ಹೆಸರ್ ನನ್ನದಲ್ಲ."

ಸಾಲು ನಿಂತವರು ಇಣುಕಿದರು. ಕೌಂಟರಿನವರು ನನ್ನನ್ನು ಕರೆದರು. ನಾನು ಇಳಿದು ಬಂದು ಚೀಟಿ ನೋಡಿದೆ. ಹೆಸರು ಸರಿಯಾಗಿ, ಚಂದವಾಗಿ ಇತ್ತು. ಅವರಿಗೆ ಗೊತ್ತಿದ್ದ ಹೆಸರಿಗೂ ಇದಕ್ಕೂ ಒಂದು ಗೆರೆಯೂ ಹೊಂದುತ್ತಿರಲಿಲ್ಲ. ಅಕ್ಷರ ಬದಲಾಗುತ್ತದೆಂದು ಅವರಿಗೆ ಹೇಳಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಸಾಲಿನಲ್ಲಿದ್ದ ಸುಳ್ಯದ ಕಡೆಯ ಹೆಂಗಸೊಬ್ಬರು, "ನನಗೂ ಹಳೆಯದ್ದೇ ಗುರ್ತ ಇದ್ದದ್ದು" ಎಂದರು. ನಾನು ಅಲ್ಲಿಯೇ ನಿಂತು, ಯಂತ್ರ ಬದಲಾದದ್ದನ್ನು ಅಪ್ಪಚ್ಚನಿಗೆ ಮಲಯಾಳದಲ್ಲಿ, ಆ ಹೆಂಗಸಿಗೆ ಕನ್ನಡದಲ್ಲಿ ಹೇಳಿದೆ.

ಅಪ್ಪಚ್ಚನ್ ಕೇಳಿದ್ದು ಒಂದೇ. "ಇನ್ನೂ ಬದಲಾಯಿಸುತ್ತಾರಾ?"

"ಬದಲಾಯಿಸಬಹುದು."

"ಹಾಗಾದರೆ ಹೆಸರು ಮಾತ್ರ ಕಲಿತರೆ ಆಗದು" ಎಂದು ಚೀಟಿಯನ್ನು ಅಂಗಿಯ ಕಿಸೆಗೆ ಹಾಕಿದರು.

ತಂಗಿಯ ಮಗುವಿಗೆ ತಂದಿದ್ದ ಬಣ್ಣದ ಪುಸ್ತಕದಿಂದ ಅವರು ಅ ಆ ಶುರುಮಾಡಿದರು. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಬಸ್ಸಿನ ಬೋರ್ಡು ಓದುತ್ತಿದ್ದರು. ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ನಿಂತು, ಬಂದ ಪ್ರತಿ ಬಸ್ಸನ್ನೂ ದೊಡ್ಡ ಸ್ವರದಲ್ಲಿ, ಅಕ್ಷರ ಬಿಡಿಸಿ ಬಿಡಿಸಿ ಓದುತ್ತಿದ್ದರು. "ಸು... ಳ್ಯ. ಕ... ಡ... ಬ." ಜನ ತಿರುಗಿ ನೋಡುತ್ತಿದ್ದರು. ಸ್ವಲ್ಪ ಮೆಲ್ಲಗೆ ಓದಿ ಎಂದು ಹೇಳಲು ನನ್ನ ಬಾಯಿಯವರೆಗೆ ಬರುತ್ತಿತ್ತು. ನಮ್ಮ ಬಸ್ಸು ಬರುವವರೆಗೂ ಅದನ್ನು ನುಂಗಿಕೊಂಡು ನಿಲ್ಲುತ್ತಿದ್ದೆ.